ಬಂದವರೆಷ್ಟು, ಉಂಡವರೆಷ್ಟು?

ನಾನಿರುವ ಮೆಹದಿಪಟ್ಟಣಂನಿಂದ ಆರಾಮ್‌ಘರ್‌ವರೆಗೆ 11.6 ಕಿ.ಮೀ. ಉದ್ದದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಇದೆ. 2009ರಲ್ಲಿ ತೆರೆದ ಈ ಮೇಲ್ಸೇತುವೆಯ ಅಕ್ಕಪಕ್ಕದವರು ವಿಳಾಸ ಕೇಳಿದರೆ ಪಿಲ್ಲರ್ ನಂಬರ್ ಹೇಳುತ್ತಾರೆ. ಅಂಗಡಿ, ಬಾಡಿಗೆದಾರರು ಬದಲಾದರೂ ಕಂಬದ ನಂಬರ್ ಬದಲಾಗುವುದಿಲ್ಲ. ನೆಟ್‌ವರ್ಕ್ ಇನ್‌ಸ್ಟಾಲೇಷನ್ ಸರ್ವರ್ ನೋಡಿಕೊಳ್ಳುವ ನನ್ನಂಥವರಿಗೂ ಬೇಕಾದದ್ದು ಇಂಥದೇ ಗುರುತು.

ಪೆನ್‌ಡ್ರೈವ್ ಹಿಡಿದು ಐವತ್ತು ಕಂಪ್ಯೂಟರಿಗೆ ಒಂದೊಂದಾಗಿ ಲಿನಕ್ಸ್ ಹಾಕುವುದು ಆಗದ ಮಾತು. ಅದಕ್ಕೇ ಪಿಎಕ್ಸ್‌ಇ ಇದೆ. ಇಂಟೆಲ್ ಇದರ 2.1ನೇ ಆವೃತ್ತಿಯನ್ನು ಪ್ರಕಟಿಸಿದ್ದು 1999ರಲ್ಲಿ. ಆನ್ ಆದ ಯಂತ್ರ ‘ನನಗೆ ವಿಳಾಸ ಕೊಡಿ, ಎಲ್ಲಿಂದ ಬೂಟ್ ಆಗಲಿ ಹೇಳಿ’ ಎಂದು ನೆಟ್‌ವರ್ಕಿನಲ್ಲಿ ಕೂಗುತ್ತದೆ. ಡಿಎಚ್‌ಸಿಪಿ ಉತ್ತರಿಸುತ್ತದೆ, ಟಿಎಫ್‌ಟಿಪಿ ಮೊದಲ ಫೈಲ್ ಕೊಡುತ್ತದೆ. ಉಳಿದ ಪ್ಯಾಕೇಜುಗಳು ಸಾಮಾನ್ಯವಾಗಿ ಎಚ್‌ಟಿಟಿಪಿಯಲ್ಲಿ ಇಳಿಯುತ್ತವೆ.

ಅಪಾಯವೂ ಇಲ್ಲೇ ಇದೆ. ಕಿಕ್‌ಸ್ಟಾರ್ಟ್ ಫೈಲಿನಲ್ಲಿ ಡಿಸ್ಕ್ ಅಳಿಸು ಎಂದು ಬರೆದಿದ್ದರೆ ಇನ್‌ಸ್ಟಾಲರ್ ಯಾರನ್ನೂ ಕೇಳದೆ ಅಳಿಸುತ್ತದೆ. ಅಕೌಂಟ್ಸ್ ವಿಭಾಗದ ಕಂಪ್ಯೂಟರ್ ಅಕಸ್ಮಾತ್ ನೆಟ್‌ವರ್ಕಿನಿಂದ ಬೂಟ್ ಆದರೆ ಅದರಲ್ಲಿದ್ದ ಲೆಕ್ಕವೆಲ್ಲ ನೀರಪಾಲು. ಹಾಗಾಗಿ ಯಾರು ಬಂದು ಹೋದರು ಎಂಬುದು ಬರಹದಲ್ಲಿರಲೇಬೇಕು.

ಮದುವೆ ಮನೆಯಲ್ಲಿ ಬಾಗಿಲಿಗೆ ಬಂದವರು, ಎಲೆಗೆ ಕೂತವರು, ಉಂಡು ಕೈ ತೊಳೆದವರು ಬೇರೆ ಬೇರೆ ಲೆಕ್ಕ. ಸರ್ವರಿನದೂ ಹಾಗೆಯೇ. ಡಿಎಚ್‌ಸಿಪಿ ಲಾಗ್ ನೋಡಿದರೆ ಯಾರು ಕೇಳಿದರು ಎಂದಷ್ಟೇ ತಿಳಿಯುತ್ತದೆ. ವೆಬ್ ಸರ್ವರ್ ಲಾಗ್ ಯಾರು ಕಿಕ್‌ಸ್ಟಾರ್ಟ್ ಒಯ್ದರು ಎನ್ನುತ್ತದೆ. ಕೆಲಸ ಮುಗಿಯಿತೇ ಎಂದು ಎರಡೂ ಹೇಳುವುದಿಲ್ಲ. ಕಿಕ್‌ಸ್ಟಾರ್ಟಿನ ‘ಪೋಸ್ಟ್’ ಭಾಗದಲ್ಲಿ ಸರ್ವರಿಗೆ ‘ಮುಗಿಯಿತು’ ಎಂದು ತಿಳಿಸುವ ಒಂದು ಸಾಲು ಸೇರಿಸಿದರೆ ಮೂರನೇ ಲೆಕ್ಕವೂ ಸಿಗುತ್ತದೆ.

ಇನ್ನು ಗುರುತಿನ ಮಾತು. ಐಪಿ ವಿಳಾಸ ಬಾಡಿಗೆದಾರನಿದ್ದಂತೆ, ಇವತ್ತು ಒಬ್ಬ, ನಾಳೆ ಇನ್ನೊಬ್ಬ. ಮ್ಯಾಕ್ ವಿಳಾಸ ಪಿಲ್ಲರ್ ನಂಬರಿನಂತೆ. 48 ಬಿಟ್‌ಗಳ ಆ ವಿಳಾಸದ ಮೊದಲ 24 ಬಿಟ್ ಸಾಮಾನ್ಯವಾಗಿ ತಯಾರಕರನ್ನು ಸೂಚಿಸುತ್ತವೆ. ಆದರೆ ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗವೇ ಇಲ್ಲ. ಒಂದೇ ಯುಎಸ್‌ಬಿ ಅಡಾಪ್ಟರನ್ನು ಹತ್ತು ಲ್ಯಾಪ್‌ಟಾಪಿಗೆ ಬಳಸಿದರೆ ಲಾಗಿನಲ್ಲಿ ಹತ್ತೂ ಒಂದೇ ಯಂತ್ರದಂತೆ ಕಾಣಬಹುದು. ಹೀಗಾಗಿ ಸೀರಿಯಲ್ ನಂಬರೂ ಬೇಕು. ರೆಡ್ ಹ್ಯಾಟ್ ಬಳಗದ ಇನ್‌ಸ್ಟಾಲರಿಗೆ ಬೂಟ್ ಸಾಲಿನಲ್ಲಿ ‘ಸೆಂಡ್‌ಎಸ್‌ಎನ್’ ಆಯ್ಕೆ ಕೊಟ್ಟರೆ ಕಿಕ್‌ಸ್ಟಾರ್ಟ್ ಕೇಳುವಾಗಲೇ ಅದನ್ನೂ ಕಳಿಸುತ್ತದೆ. ವೆಬ್ ಸರ್ವರ್ ಅದನ್ನು ಲಾಗಿಗೆ ಬರೆಯುವಂತೆ ಹೊಂದಿಸಬೇಕು, ಅಷ್ಟೇ.

ಪುಣೆಯಲ್ಲೋ ಚೆನ್ನೈಯಲ್ಲೋ ಇದೇ ಕೆಲಸದಲ್ಲಿರುವ ಗೆಳೆಯರಿಗೆ ಇನ್ನೊಂದು ಮಾತು. ಲಾಗ್ ಹೇಳುವುದು ಆಗಿಹೋದ ಕಥೆ. ಪಟ್ಟಿಯಲ್ಲಿಲ್ಲದ ಮ್ಯಾಕ್ ವಿಳಾಸಕ್ಕೆ ಉತ್ತರಿಸದಂತೆ ಡಿಎನ್‌ಎಸ್‌ಮಾಸ್ಕ್‌ನಲ್ಲಿ ಹೊಂದಿಸಬಹುದು. ಮೊದಲು ಆ ಪಟ್ಟಿ ಮಾಡಿಕೊಳ್ಳಿ, ಸರ್ವರ್ ಆಮೇಲೆ ಆನ್ ಮಾಡಿ.