ರೇಷ್ಮೆಹುಳುವಿನ ವೈರಿಯ ನೆಂಟ, ಹೃದಯಕ್ಕೆ ಬಂಧು

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಸುಣ್ಣಕಟ್ಟು ರೋಗವೆಂದರೆ ಎದೆ ಧಸಕ್ಕೆನ್ನುತ್ತದೆ. ಚಳಿಯೂ ತೇವವೂ ಸೇರಿದ ದಿನಗಳಲ್ಲಿ, ಸೊಪ್ಪು ಮೇಯುತ್ತಿದ್ದ ಹುಳು ಮಂಕಾಗಿ ಸತ್ತು, ಗಟ್ಟಿಯಾಗಿ, ಮೈತುಂಬ ಬಿಳಿ ಪುಡಿ ಹೊತ್ತು ಸೀಮೆಸುಣ್ಣದ ತುಂಡಿನಂತೆ ಬಿದ್ದಿರುತ್ತದೆ. ಇದು ಬೂವೇರಿಯಾ ಬಾಸಿಯಾನಾ ಎಂಬ ಶಿಲೀಂಧ್ರದ ಕೆಲಸ. 1835ರಲ್ಲಿ ಇದನ್ನು ತೋರಿಸಿಕೊಟ್ಟವರು ಇಟಲಿಯ ಅಗೊಸ್ಟಿನೊ ಬಾಸಿ.

ಕೀಟಗಳನ್ನೇ ಕಾಡುವ ಇದರ ದೂರದ ನೆಂಟನೊಬ್ಬನಿಂದ ಹೃದಯ ಕಸಿಗೆ ಜೀವ ಬಂತು.

1933ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫ್ರ್ಯಾಂಕ್ ಮ್ಯಾನ್ ಮತ್ತು ಸಂಗಡಿಗರು ಒಂದು ನಾಯಿಯ ಹೃದಯವನ್ನು ಇನ್ನೊಂದರ ಕುತ್ತಿಗೆಯ ರಕ್ತನಾಳಗಳಿಗೆ ಜೋಡಿಸಿದರು. ಅದು ಬಡಿಯಿತು. ಸರಾಸರಿ 4 ದಿನ, ಹೆಚ್ಚೆಂದರೆ 8 ದಿನ, ಆಮೇಲೆ ನಿಂತಿತು. ಹೊಲಿಗೆ ಸರಿಯಾಗಿಯೇ ಇತ್ತು. ಕತ್ತರಿಸಿ ನೋಡಿದರೆ ಸ್ನಾಯುವಿನ ತುಂಬ ಬಿಳಿ ರಕ್ತಕಣಗಳು. ಹೊಸ ಹೃದಯದ ಜೀವಕೋಶಗಳ ಮೇಲಿರುವ ಪ್ರೋಟೀನ್ ಗುರುತುಗಳು ತನ್ನವಲ್ಲವೆಂದು ದೇಹದ ಟಿ-ಕೋಶಗಳು ಕಂಡುಕೊಳ್ಳುತ್ತವೆ, ಇಂಟರ್‌ಲ್ಯೂಕಿನ್-2 ಎಂಬ ರಾಸಾಯನಿಕದ ಕರೆಯಿಂದ ಸಂಖ್ಯೆ ಹೆಚ್ಚಿಸಿಕೊಂಡು ಮುತ್ತಿಗೆ ಹಾಕುತ್ತವೆ. ಆ ನಾಯಿಗಳನ್ನು ಮರೆತು ಕಸಿಯ ಕಥೆ ಹೇಳುವುದು ನ್ಯಾಯವಲ್ಲ.

1967ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯರಲ್ಲಿ ಮೊದಲ ಹೃದಯ ಕಸಿ ಮಾಡಿದರು. ರೋಗಿ 18 ದಿನ ಬದುಕಿ ನ್ಯುಮೋನಿಯಾದಿಂದ ತೀರಿಕೊಂಡರು. ಅಂದಿನ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ಸಾರಾಸಗಟಾಗಿ ತಗ್ಗಿಸುತ್ತಿದ್ದವು. 1968ರ ಫೆಬ್ರುವರಿಯಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಭಾರತದ ಮೊದಲ ಪ್ರಯತ್ನ ಮಾಡಿದರು. ರೋಗಿ ಕೆಲವೇ ಗಂಟೆ ಉಳಿದರು. ಹಲವು ದೇಶಗಳ ವೈದ್ಯರು ಕೈಚೆಲ್ಲಿದರು.

ಆ ದೂರದ ನೆಂಟ, ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಟೊಲಿಪೊಕ್ಲೇಡಿಯಂ ಎಂಬ ಶಿಲೀಂಧ್ರದಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿ ಸೈಕ್ಲೋಸ್ಪೋರಿನ್ ಎಂಬ ಔಷಧಿ ತೆಗೆಯಿತು. ಈ ಶಿಲೀಂಧ್ರ ದುಂಬಿಯ ಮರಿಹುಳುಗಳನ್ನು ತಿಂದು ಬದುಕುವಂಥದ್ದೆಂದು ತಿಳಿದದ್ದು 1996ರಲ್ಲಿ. ಸೈಕ್ಲೋಸ್ಪೋರಿನ್ ಇಂಟರ್‌ಲ್ಯೂಕಿನ್-2ರ ಕರೆಯನ್ನೇ ಅಡಗಿಸುತ್ತದೆ. 1977ರಲ್ಲಿ ಕೇಂಬ್ರಿಡ್ಜ್‌ನ ಆಲ್ಕಿಸ್ ಕೊಸ್ಟಾಕಿಸ್ ಇದನ್ನು ಆಲಿವ್ ಎಣ್ಣೆಯಲ್ಲಿ ಕರಗಿಸಿ ಇಲಿಗಳಿಗೆ ಕೊಟ್ಟರು. ಇಂಥ ಪ್ರಯೋಗದಲ್ಲಿ ಇಲಿಯ ಹೊಟ್ಟೆಯೊಳಗೆ ಎರಡನೇ ಹೃದಯ ಜೋಡಿಸಿ, ಹೊಟ್ಟೆಯ ಮೇಲೆ ಬೆರಳಿಟ್ಟು ದಿನವೂ ಬಡಿತ ನೋಡುತ್ತಾರೆ. ಔಷಧಿ ಪಡೆದ ಇಲಿಗಳಲ್ಲಿ ಬಡಿತ ಬಹುಕಾಲ ಮುಂದುವರಿಯಿತು. 1983ರಲ್ಲಿ ಅಮೆರಿಕ ಔಷಧಿಗೆ ಅನುಮತಿ ನೀಡಿತು. ಭಾರತದ ಮೊದಲ ಯಶಸ್ವಿ ಹೃದಯ ಕಸಿ 1994ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ನಡೆಯಿತು.

ಇಂದು ಹೆಚ್ಚಿನವರಿಗೆ ಟ್ಯಾಕ್ರೋಲಿಮಸ್ ಕೊಡುತ್ತಾರೆ. ಅದೂ ಅದೇ ಕರೆಯನ್ನು ತಡೆಯುತ್ತದೆ, ಮೂತ್ರಪಿಂಡಕ್ಕೆ ಹೊರೆಯೂ ಹೌದು. ಆದರೂ ಕಸಿ ಮಾಡಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ, ‘ಈಗ ಚೆನ್ನಾಗಿದ್ದೀಯಲ್ಲ, ಮಾತ್ರೆ ಯಾಕೆ?’ ಎಂದು ದಯವಿಟ್ಟು ಹೇಳಬೇಡಿ. ಎಷ್ಟು ವರ್ಷ ಕಳೆದರೂ ದೇಹ ಆ ಹೃದಯವನ್ನು ತನ್ನದೆಂದು ಒಪ್ಪುವುದಿಲ್ಲ; ಮಾತ್ರೆ ಜೀವನಪರ್ಯಂತ ಬೇಕೇ ಬೇಕು.