ಮೆಟ್ಟುಗತ್ತಿ ತಾಗಿದ ಬೆರಳು ಮಾಯುವ ಬಗೆ

ಭಟ್ಕಳದ ಮೀನುಪೇಟೆಯಲ್ಲಿ ಬಂಗಡೆ ಕೊಯ್ದುಕೊಡುವ ಹೆಂಗಸರ ಬೆರಳುಗಳನ್ನು ಒಮ್ಮೆ ಗಮನಿಸಿ. ಹಳೆಯ ಗಾಯದ ಗೆರೆಯ ಮೇಲೆ ಹೊಸ ಗೆರೆ. ದಿನವಿಡೀ ಉಪ್ಪುನೀರು, ಮಂಜುಗಡ್ಡೆ, ಮೀನಿನ ಮುಳ್ಳು. ಆದರೂ ಚರ್ಮ ಮತ್ತೆ ಕೂಡಿಕೊಳ್ಳುತ್ತದೆ. ಕೊಯ್ದುಹೋದ ಸುದ್ದಿ ಜೀವಕೋಶಗಳಿಗೆ ಮುಟ್ಟುವುದು ಹೇಗೆ?

ಹೊರಚರ್ಮದ ತಳದ ಸಾಲಿನಲ್ಲಿ ಆಕರಕೋಶಗಳಿವೆ. ಅವು ಒಡೆದು ಎರಡಾಗಿ, ಕೆಲವು ಅಲ್ಲೇ ಉಳಿದು, ಉಳಿದವು ಮೇಲೇರುತ್ತವೆ. ತಳದಲ್ಲಿರುವಾಗ ಕೆರಾಟಿನ್ ಎಂಬ ಪ್ರೋಟೀನ್‌ಗಳಲ್ಲಿ 5 ಮತ್ತು 14ರ ಜೀನ್‌ಗಳು ಕೆಲಸ ಮಾಡುತ್ತವೆ. ಒಂದು ಸಾಲು ಮೇಲೇರಿದರೆ ಅವು ಅಡಗಿ 1 ಮತ್ತು 10 ಎಚ್ಚರಗೊಳ್ಳುತ್ತವೆ. ಇನ್ನೂ ಮೇಲೆ ಫಿಲಾಗ್ರಿನ್, ಲೋರಿಕ್ರಿನ್ ಪ್ರೋಟೀನ್‌ಗಳ ಸರದಿ. ಕೊನೆಗೆ ಕೋಶಕೇಂದ್ರವೂ ಕರಗಿ, ಕೋಶ ಒಣಹೊಟ್ಟಾಗಿ ಉದುರುತ್ತದೆ. ತಳದಿಂದ ಇಲ್ಲಿಗೆ ಸುಮಾರು ನಾಲ್ಕು ವಾರದ ಪಯಣ. ಎಲ್ಲ ಕೋಶದಲ್ಲೂ ಇರುವುದು ಅದೇ 20,000ದಷ್ಟು ಜೀನ್‌ಗಳು. ಯಾವುದು ಯಾವಾಗ ತೆರೆಯುತ್ತದೆ ಎಂಬುದರಲ್ಲೇ ಎಲ್ಲ ವ್ಯತ್ಯಾಸ. ಈ ತೆರೆಸುವವರಲ್ಲಿ ಹಿರಿಯ ಪಿ63 ಎಂಬ ಪ್ರೋಟೀನ್. 1999ರ ಪ್ರಯೋಗಗಳಲ್ಲಿ ಅದಿಲ್ಲದೆ ಹುಟ್ಟಿದ ಇಲಿಮರಿಗಳಿಗೆ ಸರಿಯಾದ ಹೊರಚರ್ಮವೇ ಇರಲಿಲ್ಲ. ಮೈಯ ನೀರಾರಿ ಬೇಗನೆ ಸತ್ತವು.

ಬಲೆ ಎಳೆಯುವ ಅಂಗೈಯಲ್ಲಿ ಕೆರಾಟಿನ್ 9 ಕೂಡ ಸೇರುತ್ತದೆ. ದಪ್ಪ ಚರ್ಮಕ್ಕೆ ಅದೇ ಬಲ.

ಈಗ ಗಾಯದ ವಿಷಯ. ಚರ್ಮ ಸದಾ ಬಿಗಿಯಾಗಿ ಎಳೆದುಕೊಂಡಿರುತ್ತದೆ, ಆದ್ದರಿಂದಲೇ ಮೆಟ್ಟುಗತ್ತಿ ತಾಗಿದ ಕೂಡಲೇ ಗಾಯ ಬಾಯಿ ಬಿಡುತ್ತದೆ. ಆ ಬಿಗಿ ಸಡಿಲವಾದದ್ದೇ ಸುದ್ದಿ! ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕಾಲಿನ್ ಜಮೋರಾ ತಂಡ 2022ರಲ್ಲಿ ಇದನ್ನು ತೋರಿಸಿತು. ಬಿಗಿ ಸಡಿಲಿದಾಗ ಡಿಎನ್‌ಎಂಟಿ3ಎ ಎಂಬ ಕಿಣ್ವ ಕೋಶಕೇಂದ್ರದೊಳಗೆ ನುಗ್ಗಿ, ಕ್ಯಾಸ್ಪೇಸ್-8 ಜೀನಿನ ಆರಂಭದ ಭಾಗಕ್ಕೆ ಮೀಥೈಲ್ ಗುರುತು ಅಂಟಿಸುತ್ತದೆ. ಜೀನ್ ಅಡಗುತ್ತದೆ. ಅದು ಅಡಗಿದರೆ ಮೇಲಿನ ಕೋಶಗಳು ಇಂಟರ್‌ಲ್ಯೂಕಿನ್-1 ಆಲ್ಫಾ ಎಂಬ ಸಂಕೇತ ಪ್ರೋಟೀನ್ ಬಿಡುತ್ತವೆ, ತಳದ ಆಕರಕೋಶಗಳು ಬೇಗ ಬೇಗ ಒಡೆಯತೊಡಗುತ್ತವೆ ಎಂದು 2009ರಲ್ಲೇ ಅವರ ತಂಡ ಇಲಿಗಳಲ್ಲಿ ಕಂಡಿತ್ತು. ಒಂದು ಜೀನ್ ಸುಮ್ಮನಾದದ್ದೇ ಹೊಸ ಚರ್ಮಕ್ಕೆ ನಾಂದಿ. ನನಗೆ ಇದಕ್ಕಿಂತ ಸೋಜಿಗ ಬೇರೆ ಕಾಣದು.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಗಾಯ ಮಾಯುವುದು ನಿಧಾನವಾಗುತ್ತದೆ. ಮೀನು ಕೊಯ್ಯುವ ನಿಮ್ಮ ಮನೆಯ ಅಮ್ಮ, ಅಕ್ಕನಿಗೆ ಸಕ್ಕರೆ ಇದ್ದರೆ, ಬೆರಳಿನ ಗಾಯ ಎಷ್ಟೇ ಸಣ್ಣದಿರಲಿ, ತೊಳೆದು ಮುಚ್ಚಿಸಿ, ತಡಮಾಡದೆ ಡಾಕ್ಟರಿಗೆ ತೋರಿಸಿ.