ಎರಡು ವರ್ಷದ ಹಡಗು, ಎರಡು ಗಂಟೆಯ ಗೊಂದಲ

ಏಪ್ರಿಲ್ 14 ಅಂದ್ರೆ ನಮಗೆಲ್ಲ ಅಂಬೇಡ್ಕರ್ ಜಯಂತಿ. ಅದೇ ದಿನ ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಹುತಾತ್ಮ ಸಿಬ್ಬಂದಿಗೆ ಗೌರವ ಸಲ್ಲಿಸ್ತಾರೆ. ಯಾಕೆ ಗೊತ್ತಾ? ಅದರ ಹಿಂದೆ ಒಂದು ಹಡಗಿನ ಕಥೆ ಇದೆ. ಹಡಗಿನ ಹೆಸರು ಫೋರ್ಟ್ ಸ್ಟಿಕೀನ್.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಒಂದರ ಹಿಂದೆ ಒಂದು ಮುಳುಗಿಸ್ತಾ ಇದ್ದವು. ಮುಳುಗಿದ್ದಕ್ಕಿಂತ ಬೇಗ ಹೊಸದು ಕಟ್ಟಲೇಬೇಕಿತ್ತು. ಕೆನಡಾದಲ್ಲಿ ಒಂದೇ ಮಾದರಿಯ ಹಡಗುಗಳು ಸಾಲುಸಾಲಾಗಿ ತಯಾರಾದವು. ಬ್ರಿಟನ್ನಿಗೆ ಕೊಟ್ಟವಕ್ಕೆ ಕೋಟೆಗಳ ಹೆಸರಿಟ್ಟರು. 1942ರಲ್ಲಿ ಪ್ರಿನ್ಸ್ ರೂಪರ್ಟ್ ಬಂದರಿನಲ್ಲಿ ಹುಟ್ಟಿದ ಫೋರ್ಟ್ ಸ್ಟಿಕೀನ್ ಅದರಲ್ಲೊಂದು. ಒಟ್ಟು ಒಳಗಾತ್ರದ ಲೆಕ್ಕದಲ್ಲಿ 7,000 ಟನ್ ಮೀರಿದ, ಉಗಿಯಂತ್ರದ ದುಡಿಮೆಗಾರ ಹಡಗು.

1944ರ ಫೆಬ್ರವರಿ 24ರಂದು ಅದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟಿತು. ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕ, ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳು. ಕರಾಚಿಗೆ ಬಂದಾಗ ಖಾಲಿ ಜಾಗಕ್ಕೆ 8,700 ಹತ್ತಿ ಬೇಲು ತುಂಬಿದರು! ಜೊತೆಗೆ ಎಣ್ಣೆ, ಮರ. ಕ್ಯಾಪ್ಟನ್ ನೈಸ್ಮಿತ್ ಆಕ್ಷೇಪ ಎತ್ತಿದರು. ಯುದ್ಧಕಾಲ, ಕೇಳುವವರು ಯಾರು?

ಕಟಕೋಳ, ರಾಮದುರ್ಗ, ಸವದತ್ತಿ ಕಡೆಯ ಎರೆಹೊಲದ ರೈತರನ್ನು ಕೇಳಿ, ಹತ್ತಿಗೆ ಬೆಂಕಿ ತಾಗಿದರೆ ಏನಾಗುತ್ತೆ ಅಂತ. ಬಿಗಿಯಾಗಿ ಒತ್ತಿದ ಬೇಲಿನಲ್ಲಿ ಕಿಡಿ ಒಳಗೊಳಗೇ ಹೊಗೆಯಾಡುತ್ತೆ. ಮೇಲೆ ನೀರು ಸುರಿದರೆ ಒಳಗಿನ ಕೆಂಡ ಆರಲ್ಲ. ಅಂಥ ಹತ್ತಿ ಕೆಳಗೆ, ಸ್ಫೋಟಕ ಮೇಲೆ. ಇದು ಆ ಹಡಗಿನ ಎರಡನೇ ಅಂಕಣದ ಸ್ಥಿತಿ.

ಏಪ್ರಿಲ್ 12ಕ್ಕೆ ಹಡಗು ಮುಂಬೈನ ವಿಕ್ಟೋರಿಯಾ ಡಾಕ್‌ಗೆ ಬಂತು. ಸ್ಫೋಟಕ ಇದೆ ಅಂತ ಎಚ್ಚರಿಸುವ ಕೆಂಪು ಬಾವುಟವೂ ಹಾರಲಿಲ್ಲ. 14ರ ಮಧ್ಯಾಹ್ನ ಅಕ್ಕಪಕ್ಕದ ಹಡಗಿನವರಿಗೆ ಹೊಗೆ ಕಂಡಿತ್ತು, ಯಾರೂ ಹೇಳಲಿಲ್ಲ. 2 ಗಂಟೆ ಹೊತ್ತಿಗೆ ಕೂಗು ಎದ್ದಿತು. ಸುಮಾರು 900 ಟನ್ ನೀರು ಸುರಿದರೂ ಬೆಂಕಿ ಆರಲಿಲ್ಲ. ಮುಳುಗಿಸೋಣ ಅನ್ನೋ ಮಾತು ಬಂತು, ಎಳೆದೊಯ್ಯೋಣ ಅನ್ನೋದೂ ಬಂತು. ಖಡಕ್ಕಾಗಿ ಆದೇಶ ಕೊಡೋರು ಮಾತ್ರ ಇರಲಿಲ್ಲ. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಶಿಮ್ಲಾದ ಭೂಕಂಪಮಾಪಕವೂ ಅದನ್ನು ದಾಖಲಿಸಿತು. ಜಲಪದ್ಮ ಅನ್ನೋ ಹಡಗು ನೀರಿನಿಂದ ಎದ್ದು ಡಾಕ್‌ನ ಶೆಡ್ಡಿನ ಮೇಲೆ ಬಿತ್ತು. ಸತ್ತವರ ಅಂದಾಜು 800ರಿಂದ 1,300. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದವರು. ಕ್ಯಾಪ್ಟನ್ನೂ ಉಳಿಯಲಿಲ್ಲ.

ಇನ್ನೊಂದು ವಿಷಯ ಕೇಳಿ. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಆದರೂ ರಾಜಧಾನಿಯ ಈ ಸುದ್ದಿ ಪತ್ರಿಕೆಯಲ್ಲಿ ಓದೋಕೆ ಜನ ಮೇ ತಿಂಗಳವರೆಗೆ ಕಾಯಬೇಕಾಯಿತು. ಸರ್ಕಾರದ ಸೆನ್ಸಾರ್ ಬಿಡಲಿಲ್ಲ. ಮರುದಿನವೇ ಜಗತ್ತಿಗೆ ಹೇಳಿದ್ದು ಯಾರು? ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ! ನಾವು ಮುಚ್ಚಿಟ್ಟ ಸುದ್ದಿಯನ್ನು ಶತ್ರು ಬಿತ್ತರಿಸಿದ.

ಗಮನಿಸಿ, ಈ ಹಡಗನ್ನು ಯಾವ ಟಾರ್ಪಿಡೋನೂ ಮುಳುಗಿಸಲಿಲ್ಲ. ಸಾವಿರಾರು ಮೈಲಿ ಯುದ್ಧದ ಸಮುದ್ರ ದಾಟಿ ಬಂದದ್ದು ಸುರಕ್ಷಿತ ಬಂದರಿನಲ್ಲಿ ಸತ್ತಿತು. ನಮ್ಮೂರ ಗೋದಾಮುಗಳಲ್ಲಿ ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದಾರೆ? ಬೆಂಕಿ ಬಿದ್ದರೆ ತೀರ್ಮಾನ ಯಾರದು? ಇದನ್ನು ಹೊಗೆ ಏಳೋಕೆ ಮೊದಲೇ ಕೇಳಬೇಕು. ಎದ್ದ ಮೇಲೆ ಕೇಳಿದರೆ ಏನಾಗುತ್ತೆ ಅಂತ ಮುಂಬೈ ನೋಡಿದೆ.